ಏರ್ ಸ್ಟ್ರೇಫ್ ಮತ್ತು ಬನ್ನಿ ಹಾಪ್: ಲೆಕ್ಕ ತಿಳಿದು ಕಲಿಯುವ ಕ್ರಮ

ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ವಿಡಿಯೋ ಆಟದಲ್ಲಿ ಚಾಕು ಹಿಡಿದು ಓಡುವ ಆಟಗಾರನ ವೇಗ ಸೆಕೆಂಡಿಗೆ 250 ಯೂನಿಟ್ (ಆಟದೊಳಗಿನ ದೂರದ ಅಳತೆ). ನೆಲದ ಮೇಲೆ ಓಡುತ್ತಿರುವವರೆಗೆ ಈ ಮಿತಿಯನ್ನು ದಾಟಲು ಸಾಧ್ಯವಿಲ್ಲ, ಗಾಳಿಯಲ್ಲಿದ್ದಾಗ ದಾಟಬಹುದು. ಹಾಗೆ ಗಾಳಿಯಲ್ಲಿ ಪಕ್ಕದ ಕೀ ಮತ್ತು ಮೌಸ್ ಬಳಸಿ ವೇಗ ಗಳಿಸುವುದು ಏರ್ ಸ್ಟ್ರೇಫ್; ಆ ವೇಗ ಕಳೆಯದಂತೆ ಜಿಗಿಯುತ್ತಲೇ ಹೋಗುವುದು ಬನ್ನಿ ಹಾಪ್. ಇದಕ್ಕೆ ಕಾರಣ 1996ರ ಕ್ವೇಕ್ ಆಟದ ಚಲನೆಯ ಕೋಡ್. ಅದೇ ಕೋಡ್ ಹಾಫ್-ಲೈಫ್‌ಗೂ ಕೌಂಟರ್-ಸ್ಟ್ರೈಕ್‌ಗೂ ಹರಿದುಬಂದು, ಆಟಗಳನ್ನು ನಡೆಸುವ ತಂತ್ರಾಂಶವಾದ ಸೋರ್ಸ್ ಎಂಜಿನ್‌ನ ಮೂಲಕ ಏಪೆಕ್ಸ್ ಲೆಜೆಂಡ್ಸ್‌ವರೆಗೂ ತಲುಪಿದೆ. ಅದು ಲೆಕ್ಕ ಹಾಕುವ ರೀತಿಯನ್ನು ಮೊದಲು ಅರ್ಥಮಾಡಿಕೊಂಡವರಿಗೆ ಉಳಿದದ್ದೆಲ್ಲ ಬೇಗ ಕೈಹಿಡಿಯುತ್ತದೆ.

ಗಾಳಿಯಲ್ಲಿದ್ದಾಗ ಆಟವು ನಿಮ್ಮ ಒಟ್ಟು ವೇಗವನ್ನು ನೋಡುವುದಿಲ್ಲ. ನೀವು ಒತ್ತಿದ ಕೀ ಸೂಚಿಸುವ ದಿಕ್ಕಿನಲ್ಲಿ ಆಗಲೇ ಎಷ್ಟು ವೇಗವಿದೆ ಎಂಬುದನ್ನು ಮಾತ್ರ ನೋಡುತ್ತದೆ. ಅದು 30 ಯೂನಿಟ್‌ಗಿಂತ ಕಡಿಮೆಯಿದ್ದರೆ ಕೊರತೆಯನ್ನು ತುಂಬಿಕೊಡುತ್ತದೆ, ಹೆಚ್ಚಿದ್ದರೆ ಏನನ್ನೂ ಸೇರಿಸುವುದಿಲ್ಲ. ನೇರ ಮುಂದಕ್ಕೆ 250ರ ವೇಗದಲ್ಲಿ ಹೋಗುತ್ತಾ ಡಬ್ಲ್ಯೂ (ಮುಂದಕ್ಕೆ ಹೋಗುವ ಕೀ) ಒತ್ತಿದರೆ ಆ ದಿಕ್ಕಿನ ವೇಗ ಮಿತಿಯನ್ನು ಎಂದೋ ದಾಟಿರುವುದರಿಂದ ಲಾಭವೇನೂ ಇಲ್ಲ. ಚಲನೆಗೆ ಸರಿಯಾಗಿ ಲಂಬವಾದ ದಿಕ್ಕನ್ನು ಸೂಚಿಸಿದರೆ ಆ ದಿಕ್ಕಿನ ವೇಗ ಸೊನ್ನೆಯಾಗಿರುತ್ತದೆ, ಹಾಗಾಗಿ ಪೂರ್ತಿ 30 ಯೂನಿಟ್ ಸೇರಿ ಒಟ್ಟು ವೇಗ ಒಂದೇ ಟಿಕ್‌ನಲ್ಲಿ (ಸರ್ವರ್ ಒಂದು ಬಾರಿ ಲೆಕ್ಕ ಹಾಕುವ ಕ್ಷಣದಲ್ಲಿ) 251.8ರ ಸುಮಾರಿಗೆ ಏರಬಲ್ಲದು. ಇಷ್ಟು ಸಣ್ಣ ಏರಿಕೆ ಸೆಕೆಂಡಿಗೆ 64 ಟಿಕ್‌ಗಳ ಸರ್ವರ್‌ನಲ್ಲಿ ಮತ್ತೆ ಮತ್ತೆ ಸೇರುತ್ತಾ ಹೋದರೆ ಏನಾಗಬಹುದೆಂದು ಊಹಿಸಿಕೊಳ್ಳಿ. ಆದರೆ ಪ್ರತಿ ಸೇರ್ಪಡೆಯೂ ಚಲನೆಯ ದಿಕ್ಕನ್ನು ಸ್ವಲ್ಪ ಬಾಗಿಸುವುದರಿಂದ, ಲಂಬಕೋನವನ್ನು ಉಳಿಸಿಕೊಳ್ಳಲು ನೋಟವೂ ಅದರೊಂದಿಗೇ ತಿರುಗುತ್ತಿರಬೇಕು. ಮೌಸ್‌ಗೆ ಇಲ್ಲಿ ಇರುವ ಕೆಲಸ ಅದೇ.

ಅಭ್ಯಾಸಕ್ಕೆ ಖಾಲಿ ಖಾಸಗಿ ಸರ್ವರ್ ತೆರೆದು, ವೇಗವನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆಯನ್ನು ಚಾಲೂ ಮಾಡಿಕೊಳ್ಳಿ. ಮುಂದಕ್ಕೆ ಓಡಿ ಜಿಗಿಯಿರಿ. ಕಾಲು ನೆಲ ಬಿಟ್ಟ ಕೂಡಲೇ ಡಬ್ಲ್ಯೂ ಕೀಯನ್ನು ಬಿಟ್ಟುಬಿಡಿ. ಹೊಸಬರಿಗೆ ಅತ್ಯಂತ ಕಷ್ಟವಾಗುವುದು ಇದೇ: ಮುಂದೆ ಹೋಗಬೇಕೆಂದರೆ ಮುಂದಿನ ಕೀ ಒತ್ತಿರಲೇಬೇಕೆಂಬ ಅಭ್ಯಾಸ ಬೆರಳಿನಿಂದ ಬೇಗ ಬಿಡುವುದಿಲ್ಲ. ನಂತರ ಎಡಕ್ಕೆ ಸರಿಯುವ ಎ ಕೀ ಒತ್ತಿ ಮೌಸನ್ನು ಎಡಕ್ಕೆ ನಯವಾಗಿ ಎಳೆಯಿರಿ. ಮುಂದಿನ ಜಿಗಿತದಲ್ಲಿ ಬಲಕ್ಕೆ ಸರಿಯುವ ಡಿ ಕೀ ಒತ್ತಿ ಮೌಸನ್ನು ಬಲಕ್ಕೆ ಎಳೆಯಿರಿ. ಕೀ ಮತ್ತು ಮೌಸ್ ಒಂದೇ ಕ್ಷಣದಲ್ಲಿ ದಿಕ್ಕು ಬದಲಿಸಬೇಕು. ಎರಡೂ ವಿರುದ್ಧ ದಿಕ್ಕಿನಲ್ಲಿದ್ದರೆ ವೇಗ ಏರುವುದಿಲ್ಲ. ಮೌಸನ್ನು ಜಗ್ಗಿ ಎಳೆಯುವ ಅಗತ್ಯವಿಲ್ಲ, ಏಕೆಂದರೆ 30 ಯೂನಿಟ್‌ನ ಸೇರ್ಪಡೆ ಚಲನೆಯನ್ನು ಬಾಗಿಸುವ ಕೋನ 250ರ ವೇಗದಲ್ಲಿ ಹೆಚ್ಚೆಂದರೆ ಸುಮಾರು 7 ಡಿಗ್ರಿ, 500ರ ವೇಗದಲ್ಲಿ ಅದರ ಅರ್ಧ. ವೇಗ ಹೆಚ್ಚಿದಂತೆ ಕೈ ನಿಧಾನವಾಗಬೇಕು.

ಒಂದೊಂದು ಜಿಗಿತದಲ್ಲೂ ವೇಗದ ಅಂಕಿ ಏರುವುದು ಕಂಡ ಮೇಲೆ ಬನ್ನಿ ಹಾಪ್‌ಗೆ ಬನ್ನಿ. ಗಳಿಸಿದ ವೇಗವನ್ನು ತಿನ್ನುವುದು ನೆಲದ ಘರ್ಷಣೆ. ನೆಲ ಮುಟ್ಟಿದ ಕ್ಷಣದಲ್ಲೇ ಮತ್ತೆ ಜಿಗಿದರೆ ಘರ್ಷಣೆಗೆ ಅವಕಾಶ ಸಿಗುವುದಿಲ್ಲ. ಕೆಲವೇ ಟಿಕ್ ತಡವಾದರೂ ವೇಗ ಗಣನೀಯವಾಗಿ ಇಳಿಯುತ್ತದೆ. ಕ್ವೇಕ್ 3ರಲ್ಲಿ ನೆಲ ಮುಟ್ಟುವ ಮೊದಲೇ ಜಂಪ್ ಒತ್ತಿ ಹಿಡಿದರೂ ನಡೆಯುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಅದು ನಡೆಯದು; ಹೀಗಾಗಿ ಜಂಪ್ ಅನ್ನು ಮೌಸ್‌ನ ಸ್ಕ್ರೋಲ್ ಚಕ್ರಕ್ಕೆ ಜೋಡಿಸಿಕೊಂಡು, ಇಳಿಯುವ ಹೊತ್ತಿಗೆ ಒಮ್ಮೆ ಉರುಳಿಸುವುದು ಬಹುಕಾಲದ ರೂಢಿ. ಒಂದು ಉರುಳಿಕೆಯಲ್ಲಿ ಹಲವು ಒತ್ತುಗಳು ಹೋಗುವುದರಿಂದ ಅವುಗಳಲ್ಲಿ ಒಂದು ಸರಿಯಾದ ಟಿಕ್‌ಗೆ ಬೀಳುವ ಸಾಧ್ಯತೆ ಹೆಚ್ಚು.

ಪಂದ್ಯದಲ್ಲಿ ಇದರ ಫಲ ಆಟದಿಂದ ಆಟಕ್ಕೆ ಬದಲಾಗುತ್ತದೆ. ಕ್ವೇಕ್ 3 ತಯಾರಾಗುತ್ತಿದ್ದಾಗ ಅದರ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್, ಇದೇ ಬಗೆಯಲ್ಲಿ ವೇಗ ಗಳಿಸುವ ಸ್ಟ್ರೇಫ್ ಜಂಪ್ ಅನ್ನು ತೆಗೆಯಲು ಯತ್ನಿಸಿ, ಸಾಮಾನ್ಯ ನಡಿಗೆಯ ಹದವೇ ಕೆಟ್ಟದ್ದರಿಂದ ಕೈಬಿಟ್ಟರು. ಅಲ್ಲಿ ಅದು ಇಂದಿಗೂ ಆಟದ ಜೀವಾಳ. ಹಾಫ್-ಲೈಫ್‌ಗೆ ಮುಂದೆ ಗರಿಷ್ಠ ವೇಗದ 1.7 ಪಟ್ಟಿನ ಮಿತಿ ಬಂತು. ಕೌಂಟರ್-ಸ್ಟ್ರೈಕ್‌ನ ಈಚಿನ ಆವೃತ್ತಿಗಳ ಅಧಿಕೃತ ಸರ್ವರ್‌ಗಳಲ್ಲಿ ಪ್ರತಿ ಜಿಗಿತಕ್ಕೂ ವೇಗ ತಗ್ಗಿಸುವ ದಂಡವಿರುವುದರಿಂದ ಸರಣಿ ಉದ್ದ ಬೆಳೆಯುವುದಿಲ್ಲ. ಅಲ್ಲಿ ನನಗೆ ಮುಖ್ಯವೆನಿಸುವುದು ಒಂದೇ ಜಿಗಿತದಲ್ಲಿ ಕಂಬವನ್ನೋ ಗೋಡೆಯ ಮೂಲೆಯನ್ನೋ ಬಳಸಿ ಬಾಗುವುದು. ಕಿಟಕಿಯೊಳಗೆ, ಪೆಟ್ಟಿಗೆಯ ಹಿಂಬದಿಗೆ, ಎದುರಾಳಿ ನಿರೀಕ್ಷಿಸದ ಕಡೆಗೆ ಹಾಗೆ ತಲುಪಬಹುದು. ಗಾಳಿಯಲ್ಲಿದ್ದಾಗ ಬಹುತೇಕ ಬಂದೂಕುಗಳ ಗುರಿ ಚದುರುವುದರಿಂದ, ಇಳಿದು ನಿಂತ ಮೇಲೆಯೇ ಗುಂಡು ಹಾರಿಸಿ.

ಜಿಗಿತವನ್ನು ತಾನಾಗಿ ಒತ್ತುವ ಸ್ಕ್ರಿಪ್ಟ್ ಮತ್ತು ಮ್ಯಾಕ್ರೋಗಳಿಂದ ದೂರವಿರಿ. ಕೋಡ್ ಎಲ್ಲರಿಗೂ ಒಂದೇ ರೀತಿ ಕೊಡುವ ಅವಕಾಶವನ್ನು ಕೈಚಳಕದಿಂದ ಪಡೆಯುವುದು ನ್ಯಾಯ. ಆ ಕೈಚಳಕವನ್ನು ಯಂತ್ರಕ್ಕೆ ಒಪ್ಪಿಸುವುದು ಎದುರಾಳಿಗೆ ಮಾಡುವ ಮೋಸ. 2024ರ ಆಗಸ್ಟ್‌ನಲ್ಲಿ ಆಟದ ತಯಾರಕ ವಾಲ್ವ್ ಸಂಸ್ಥೆ ಕೌಂಟರ್-ಸ್ಟ್ರೈಕ್ 2ರ ಅಧಿಕೃತ ಸರ್ವರ್‌ಗಳಲ್ಲಿ, ಎ ಮತ್ತು ಡಿ ಕೀಗಳ ಬದಲಾವಣೆಯನ್ನು ಕೀಬೋರ್ಡೇ ನಿಭಾಯಿಸುವ ಸೌಲಭ್ಯವನ್ನೂ ನಿಷೇಧಿಸಿತು. ನಿಮ್ಮ ಕೀಬೋರ್ಡ್‌ನಲ್ಲಿ ಅಂಥದ್ದಿದ್ದರೆ ಪಂದ್ಯಕ್ಕೆ ಇಳಿಯುವ ಮುನ್ನ ಆರಿಸಿಬಿಡಿ.