ಭೂತಾನ್‌ಗೆ ಹೊರಟ ಓಸಿಐ ಕನ್ನಡಿಗರೇ, ಟಿಕೆಟ್ ಮಾಡುವ ಮೊದಲು ಓದಿ

ಹೋದ ತಿಂಗಳು ನಮ್ಮ ಕನ್ನಡ ಕೂಟದ ಒಬ್ಬರು ಫೋನ್ ಮಾಡಿದ್ದರು. ಅಮೆರಿಕದಿಂದ ಊರಿಗೆ ಹೋಗಿ, ಅಲ್ಲಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಭೂತಾನ್ ನೋಡಿ ಬರುವ ಯೋಚನೆ. "ಭಾರತದವರಿಗೆ ವೀಸಾ ಬೇಡ ಅಲ್ವಾ, ನಮ್ಮ ಹತ್ರ ಓಸಿಐ ಇದೆಯಲ್ಲ" ಅಂದರು. ನನಗೆ ಎದೆ ಧಸಕ್ಕೆಂದಿತು. ಇದೇ ಮಾತನ್ನು ನಂಬಿ ನಾನೂ ಹೊರಟಿದ್ದೆ.

ಓಸಿಐ ಅಂದರೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್, ಅದು ಭಾರತದ ಪೌರತ್ವ ಅಲ್ಲ. ಭಾರತದ ಒಳಗೆ ಅದಕ್ಕೆ ಬೆಲೆ, ಗಡಿ ದಾಟಿದರೆ ಇಲ್ಲ. ಭೂತಾನ್‌ನವರು ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮಾತ್ರ. ನಾವು ಭಾರತದ ಗಡಿ ಊರು ಜೈಗಾಂವ್‌ನಿಂದ ಭೂತಾನ್ ಕಡೆಯ ಫುಂಟ್‌ಶೋಲಿಂಗ್‌ಗೆ ದಾಟಿ ಕೌಂಟರ್ ಮುಂದೆ ನಿಂತಾಗ ಅಧಿಕಾರಿ ನಮ್ಮ ಐದು ಜನರ ದಾಖಲೆ ಎರಡು ಪಾಲು ಮಾಡಿದರು. ಅಪ್ಪ ಅಮ್ಮನ ವೋಟರ್ ಐಡಿ ಈ ಕಡೆ, ನಾನು, ಹೆಂಡತಿ, ಒಂಬತ್ತು ವರ್ಷದ ಮಗಳ ಅಮೆರಿಕದ ನೀಲಿ ಪಾಸ್‌ಪೋರ್ಟ್ ಆ ಕಡೆ. ಓಸಿಐ ಪುಸ್ತಕಗಳನ್ನು ತೆರೆಯದೆ ವಾಪಸ್ ಕೊಟ್ಟರು. ಅಪ್ಪ ಅಮ್ಮ ಆಗಲೇ ಹೋಗಬಹುದಿತ್ತು. ನಾವು ಆನ್‌ಲೈನ್‌ನಲ್ಲಿ ವೀಸಾ ಮೊದಲೇ ಮಾಡಿಸಿರಬೇಕಿತ್ತು. ಬುಕಿಂಗ್ ಮಾಡಿಕೊಟ್ಟ ಏಜೆಂಟ್ "ಓಸಿಐ ಸಾಕು ಸರ್" ಅಂದಿದ್ದರು, ನಾನು ಮತ್ತೆ ವಿಚಾರಿಸಲಿಲ್ಲ. ವೀಸಾ ಬರುವ ತನಕ ಮೂರು ರಾತ್ರಿ ಜೈಗಾಂವ್‌ನಲ್ಲೇ ಕಳೆದೆವು. ಭೂತಾನ್‌ನ ಪಾರೋ ಊರಿನ ಹೋಟೆಲ್‌ಗೆ ಕಟ್ಟಿದ್ದ ಮುಂಗಡ ಹೋಯಿತು.

ಲೆಕ್ಕ ನೋಡಿ. ಪ್ರವಾಸಿಗರು ಭೂತಾನ್ ಸರ್ಕಾರಕ್ಕೆ ಕಟ್ಟುವ ಎಸ್‌ಡಿಎಫ್ (ಸುಸ್ಥಿರ ಅಭಿವೃದ್ಧಿ) ಶುಲ್ಕ ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ, ನಮ್ಮಂಥ ವಿದೇಶಿ ಪಾಸ್‌ಪೋರ್ಟ್‌ನವರಿಗೆ 100 ಡಾಲರ್. 6ರಿಂದ 12ರ ಒಳಗಿನ ಮಕ್ಕಳಿಗೆ ಅರ್ಧ. ನಾಲ್ಕು ರಾತ್ರಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 9,600 ರೂಪಾಯಿ ಆಯಿತು, ನಮ್ಮ ಮೂವರಿಗೆ 1,000 ಡಾಲರ್, ಮೇಲೆ ತಲೆಗೆ 40 ಡಾಲರ್ ವೀಸಾ ಶುಲ್ಕ. ಅಮೆರಿಕದಲ್ಲಿ ಎಚ್1ಬಿ ಕೆಲಸದ ವೀಸಾ ಮೇಲೆ ಇರುವವರು ಹೆದರಬೇಡಿ, ಪಾಸ್‌ಪೋರ್ಟ್ ಭಾರತದ್ದೇ ಆದ್ದರಿಂದ ನಿಮಗೆ 1,200 ರೂಪಾಯಿಯೇ. ಇನ್ನೊಂದು, ವಿದೇಶಿ ಪಾಸ್‌ಪೋರ್ಟ್ ಇದ್ದವರು ರಸ್ತೆಯಲ್ಲಿ ದಾಟುವಾಗ ಜೈಗಾಂವ್‌ನ ಭಾರತದ ಇಮಿಗ್ರೇಷನ್ ಕಚೇರಿಯಲ್ಲಿ ಹೊರಹೋಗುವ ಸೀಲ್ ಹಾಕಿಸಲೇಬೇಕು. ಜನ ಸಲೀಸಾಗಿ ಓಡಾಡುವ ಗಡಿ ಅದು, ಅಪ್ಪ ಅಮ್ಮನ ಹಿಂದೆ ಸುಮ್ನೆ ನಡೆದುಬಿಡಬೇಡಿ.

ಅಪ್ಪ ಅಮ್ಮನಿಗೆ ಆಧಾರ್ ನಡೆಯುವುದಿಲ್ಲ. ಆರು ತಿಂಗಳಾದರೂ ಅವಧಿ ಇರುವ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು.

ಇಷ್ಟಾದರೂ ಆ ಶುಲ್ಕ ನನಗೆ ಸರಿ ಅನ್ನಿಸುತ್ತದೆ. ಕಾಡು ಶೇ. 60ಕ್ಕಿಂತ ಕಡಿಮೆ ಆಗಬಾರದು ಅಂತ ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. 7,570 ಮೀಟರ್ ಎತ್ತರದ ಗಂಗ್‌ಖರ್ ಪುಯೆನ್ಸುಮ್ ಶಿಖರವನ್ನು ಇವತ್ತಿಗೂ ಯಾರೂ ಹತ್ತಿಲ್ಲ, ಹತ್ತಲು ಅವರು ಬಿಡುವುದೂ ಇಲ್ಲ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ದಾರಿಯಲ್ಲಿ ಕಾರಿನ ಸಾಲು ನೋಡಿದವರು ನೀವೇ ಹೇಳಿ, ಯಾವುದು ಮೇಲು?

ಹಾಗಾಗಿ ಅಲ್ಲಿ ಹೋದಾಗ ಅವರ ರೀತಿಯಲ್ಲೇ ಇರೋಣ. ಜೋಂಗ್‌ಗಳಿಗೆ (ಮಠವೂ ಕಚೇರಿಯೂ ಇರುವ ಕೋಟೆಗಳು) ಹೋಗುವಾಗ ತುಂಬು ತೋಳಿನ ಬಟ್ಟೆ ಹಾಕಿ, ಟೋಪಿ ತೆಗೆಯಿರಿ. ಚೋರ್ಟೆನ್ (ಬೌದ್ಧ ಸ್ತೂಪ) ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ, ಅದು ಅವರಿಗೆ ಗುಡಿ. ಬಲಕ್ಕೆ ಬಿಟ್ಟುಕೊಂಡು ಪ್ರದಕ್ಷಿಣೆ ಹಾಕಿ. ಪಾರೋ ಹತ್ತಿರ ಬೆಟ್ಟದ ಬಂಡೆಯ ಮೇಲಿರುವ ತಕ್ತ್‌ಸಂಗ್ ಮಠದ ಒಳಗೆ ಫೋನ್, ಬ್ಯಾಗ್ ಬಿಡುವುದಿಲ್ಲ. ಕುದುರೆ ಅರ್ಧ ದಾರಿವರೆಗೆ ಮಾತ್ರ, ಆಮೇಲೆ ನೂರಾರು ಮೆಟ್ಟಿಲು. ಅಮ್ಮ ಅರ್ಧ ದಾರಿಯ ಕೆಫೆಟೇರಿಯಾದಲ್ಲೇ ಕೂತು, ಎದುರಿನ ಬಂಡೆಗೆ ಅಂಟಿಕೊಂಡ ಮಠವನ್ನು ನೋಡುತ್ತಾ ಅಲ್ಲಿಂದಲೇ ಕೈ ಮುಗಿದರು.