ಇಲಿನಾಯ್ಸ್‌ನ ಗಾಂಜಾ ಕಾನೂನು: ಬಡಾವಣೆಯಲ್ಲಿ ಮಾಹಿತಿ ಸಭೆ ನಡೆಸುವ ಬಗೆ

ಅಮೆರಿಕದ ಇಲಿನಾಯ್ಸ್‌ನಲ್ಲಿ 2020ರ ಜನವರಿ 1ರಿಂದ, 21 ವರ್ಷ ತುಂಬಿದವರಿಗೆ ಗಾಂಜಾ ಕಾನೂನುಬದ್ಧವಾಗಿದೆ. ಈ ಬಗ್ಗೆ ಸಭೆ ನಡೆಸುವವರು ವ್ಯಾಪಾರಕ್ಕಿಂತ ಮೊದಲು ಹಳೆಯ ಗಾಂಜಾ ಪ್ರಕರಣಗಳ ದಾಖಲೆ ಅಳಿಸುವ ವಿಚಾರವನ್ನು ಎತ್ತಿಕೊಳ್ಳಬೇಕು. ಬಾಡಿಗೆ ಮನೆಗೂ ಕೆಲಸಕ್ಕೂ ಅಡ್ಡಿಯಾಗುವುದು ಆ ದಾಖಲೆಯೇ. ಉಚಿತ ನೆರವಿನ ವಕೀಲರನ್ನು ಸಭೆಗೇ ಕರೆಸಿ.

ನಂತರ ಸಾಮಾಜಿಕ ಸಮಾನತೆಯ ಅರ್ಹತೆಯನ್ನು, ಅಂದರೆ ಹಳೆಯ ಕಾನೂನಿನಿಂದ ನಲುಗಿದವರಿಗೆ ಗಾಂಜಾ ಉದ್ಯಮದ ಪರವಾನಗಿಯಲ್ಲಿ ಕೊಡುವ ಅನುಕೂಲಕ್ಕೆ ಬೇಕಾದ ಅರ್ಹತೆಯನ್ನು, ವಿವರಿಸಿ: ಗಾಂಜಾ ಬಂಧನಗಳಿಂದ ಹೆಚ್ಚು ನಲುಗಿದ ಪ್ರದೇಶದಲ್ಲಿ ಕಳೆದ 10 ವರ್ಷಗಳಲ್ಲಿ 5 ವರ್ಷ ವಾಸಿಸಿದವರು, ಅಥವಾ ತಾವೋ ಕುಟುಂಬದವರೋ ಇಂಥ ಪ್ರಕರಣ ಎದುರಿಸಿದವರು, ಉದ್ಯಮದ ಕನಿಷ್ಠ ಶೇ. 51ರಷ್ಟು ಒಡೆತನವನ್ನೂ ಹತೋಟಿಯನ್ನೂ ಹೊಂದಿರುವುದು ಅದರ ಮುಖ್ಯ ದಾರಿಗಳು. ಹೆಸರು ಮಾತ್ರ ಅರ್ಜಿದಾರರದ್ದಾಗಿ, ಲಾಭವೆಲ್ಲ ಬಂಡವಾಳಗಾರರಿಗೆ ಸೇರುವ ಒಪ್ಪಂದಗಳ ಬಗ್ಗೆ ಎಚ್ಚರಿಸಲು ಹೆಚ್ಚು ಸಮಯ ಕೊಡಿ. ಅನ್ಯಾಯ ಮರಳಿ ನುಸುಳುವುದು ಅಲ್ಲಿಂದಲೇ.

ಫೆಡರಲ್ (ಅಮೆರಿಕದ ಕೇಂದ್ರ) ಕಾನೂನಿನ ನಿರ್ಬಂಧ ಉಳಿದೇ ಇರುವುದರಿಂದ, ವೀಸಾದ ಮೇಲಿರುವ ಕನ್ನಡಿಗರೂ ಸೇರಿದಂತೆ ನಾಗರಿಕರಲ್ಲದವರು ವಲಸೆ ವಕೀಲರನ್ನು ಕೇಳದೆ ಈ ಉದ್ಯಮಕ್ಕೆ ಕಾಲಿಡಬಾರದೆಂದು ಸ್ಪಷ್ಟವಾಗಿ ತಿಳಿಸಿ.