ಜ್ವರದ ವಹಿ ಬರೆದಿಡುವುದು ಹೇಗೆ

ಮಗುವಿಗೆ ಮೇಲಿಂದ ಮೇಲೆ ಜ್ವರ, ಕಫ ಬರುತ್ತಿದ್ದರೆ, ಕಿವಿ ಸೋರುತ್ತಿದ್ದರೆ ಇವತ್ತೇ ಒಂದು ನೂರು ಪುಟದ ವಹಿ ತನ್ನಿ. ನಾನು ತಂದಿದ್ದು ಮಗನಿಗೆ ಎರಡನೇ ಸಲ ನ್ಯುಮೋನಿಯಾ ಆದಾಗ, ಗದಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ. ಮೊದಲೇ ತರಬೇಕಿತ್ತು.

ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುತ್ತದೆ. ಅದಕ್ಕೆ ಹೆದರಬೇಡಿ. ಆದರೆ ಒಂದೇ ವರ್ಷದಲ್ಲಿ 4 ಸಲ ಕಿವಿ ಸೋಂಕು ಅಥವಾ 2 ಸಲ ನ್ಯುಮೋನಿಯಾ ಆದರೆ, ಇಲ್ಲವೇ ತೂಕ ಏರದಿದ್ದರೆ ಸುಮ್ನೆ ಕೂರಬೇಡಿ.

ಒಂದು ಕಾಯಿಲೆಗೆ ಒಂದು ಪುಟ. ತಾರೀಕು, ಎಡಗಿವಿಯೋ ಬಲಗಿವಿಯೋ, ಜ್ವರ ಎಷ್ಟಕ್ಕೆ ಏರಿತು, ಯಾವ ಔಷಧಿ, ಎಷ್ಟು ದಿನ. ಔಷಧಿ ನಿಲ್ಲಿಸಿದ ಎಷ್ಟನೇ ದಿನ ಮತ್ತೆ ಬಂತು ಅನ್ನುವುದನ್ನು ಮರೆಯಲೇಬೇಡಿ. ನನ್ನ ವಹಿಯಲ್ಲಿ "9ನೇ ದಿನ, ಮತ್ತೆ ಬಲಗಿವಿ" ಅಂತಿದೆ. ಗದಗಿನಲ್ಲಿ ಒಬ್ಬ ಡಾಕ್ಟರು, ಹಾವೇರಿಯ ತವರುಮನೆಗೆ ಹೋದಾಗ ಇನ್ನೊಬ್ಬರು. ಪ್ರತಿಯೊಬ್ಬರಿಗೂ ಕಂಡಿದ್ದು ಒಂದೊಂದೇ ಜ್ವರ. ಎಲ್ಲವೂ ಒಟ್ಟಿಗೆ ಕಂಡಿದ್ದು ವಹಿಯಲ್ಲಿ ಮಾತ್ರ.

ಕೊನೆಯ ಪುಟ ಮನೆತನಕ್ಕೆ. ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಅವಳ ತಮ್ಮ ಮೂರನೇ ವರ್ಷಕ್ಕೆ ಎದೆಯಲ್ಲಿ ಕಫ ಕಟ್ಟಿ ತೀರಿಹೋಗಿದ್ದ. ದೃಷ್ಟಿ ತಾಗಿತ್ತು ಅಂತಲೇ ಎಲ್ಲರೂ ನಂಬಿದ್ದರು. ಅದನ್ನೂ ಬರೆದೆ.

ಹುಬ್ಬಳ್ಳಿಯ ಮಕ್ಕಳ ಡಾಕ್ಟರು ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ ಮಗನ ಬಾಯಿಗೆ ಟಾರ್ಚ್ ಹಿಡಿದು ತುಂಬಾ ಹೊತ್ತು ನೋಡಿದರು. "ಟಾನ್ಸಿಲ್ಸೇ ಕಾಣ್ತಿಲ್ಲಮ್ಮ" ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಆ್ಯಂಟಿಬಾಡಿಯೂ ತೀರಾ ಕಡಿಮೆ. ಈ ಮೂರು ಹೆಸರು ಬರೆದಿಟ್ಟುಕೊಳ್ಳಿ, "ಈ ಟೆಸ್ಟ್ ಮಾಡಿಸೋಣವೇ?" ಅಂತ ನೀವೇ ಕೇಳಿ. ವಯಸ್ಸಿಗೆ ತಕ್ಕಂತೆ ನಾರ್ಮಲ್ ಬದಲಾಗುತ್ತದೆ, ರಿಪೋರ್ಟ್ ನೋಡಿ ನೀವೇ ತೀರ್ಮಾನಿಸಬೇಡಿ.

ಮಗನ ದೇಹ ಸೋಂಕಿನ ವಿರುದ್ಧ ಹೋರಾಡುವ ಆ್ಯಂಟಿಬಾಡಿ ತಯಾರಿಸುವುದಿಲ್ಲ. ಹೊಟ್ಟೆಯಲ್ಲಿದ್ದಾಗ ನನ್ನಿಂದ ಪಡೆದದ್ದು ಆರು ತಿಂಗಳ ಹೊತ್ತಿಗೆ ಕರಗಿತ್ತು. ಅಲ್ಲಿಯವರೆಗೆ ಅವನು ಆರಾಮಿದ್ದ, ಅಲ್ವಾ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಈ ಬಗೆಯ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಇದರಲ್ಲಿ ತಾಯಿಯ ತಪ್ಪು ಒಂದಿಷ್ಟೂ ಇಲ್ಲ. ಮನೆಯವರಿಗೆ ಇದನ್ನು ಗಟ್ಟಿಯಾಗಿ ಹೇಳಿ.

ಇಂಥ ಅನುಮಾನ ಇದ್ದರೆ ಪೋಲಿಯೋ ಹನಿ ಹಾಕಿಸುವ ಮುಂಚೆ ಡಾಕ್ಟರನ್ನು ಕೇಳಿ. ಅದರಲ್ಲಿ ಜೀವಂತ ವೈರಸ್ ಇರುತ್ತದೆ. ಮನೆಯ ಬೇರೆ ಮಕ್ಕಳ ಬಗ್ಗೆಯೂ ಕೇಳಿ. ಉಳಿದ ಲಸಿಕೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಈಗ ನಾಲ್ಕು ವಾರಕ್ಕೊಮ್ಮೆ ಬೆಳಗಿನ ರೈಲು ಹಿಡಿದು ಹುಬ್ಬಳ್ಳಿಗೆ ಹೋಗುತ್ತೇವೆ. ಸಾವಿರಾರು ಜನ ಕೊಟ್ಟ ಪ್ಲಾಸ್ಮಾದಿಂದ (ರಕ್ತದ ನೀರಿನ ಭಾಗ) ತೆಗೆದ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಆ್ಯಂಟಿಬಾಡಿಯನ್ನು ಸಲೈನ್ ಥರ ನಿಧಾನಕ್ಕೆ ಹಚ್ಚುತ್ತಾರೆ. ಡೋಸ್ ತೂಕದ ಮೇಲೆ, ಹಾಗಾಗಿ ಪ್ರತಿ ಸಲ ತೂಕ ಬರೆಯಿರಿ. ಬಾಟಲಿಯ ಹೆಸರು, ಬ್ಯಾಚ್ ನಂಬರ್ ಕೂಡ. ಕಳೆದ ಸಲ ನರ್ಸಮ್ಮ ಬಾಟಲಿಯ ಚೀಟಿ ಬಿಡಿಸಿಕೊಟ್ಟರು. ಮಗ ತಾನೇ ಅದನ್ನು ವಹಿಗೆ ಅಂಟಿಸಿದ, ಸ್ವಲ್ಪ ಸೊಟ್ಟಗೆ.